ಹೊಲಿಸದ ಖಣ

ಹೆತ್ತ ತಾಯಿಯನ್ನು ಮೊದಲ ಸಲ ಸಂಪರ್ಕಿಸುವಾಗ ಫೋನು ಮಾಡಬಾರದು, ಅಂಚೆಯಲ್ಲಿ ಪತ್ರ ಹಾಕಬಾರದು, ಜೀಪಿನಲ್ಲಿ ಹೋಗಿ ಇಳಿಯಬಾರದು. ಈ ಮೂರರಲ್ಲಿ ಯಾವುದಾದರೂ ಒಂದನ್ನು ಮಾಡಿ ಎಂದು ನಮ್ಮ ಕಚೇರಿಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ಬರೆದವರು ದೊಡವಾಡದಂಥ ಹಳ್ಳಿಯಲ್ಲಿ ಸೊಸೆಯಾಗಿ ಬಾಳಿದವರಲ್ಲ. ನಮ್ಮ ಹಳ್ಳಿಗಳಲ್ಲಿ ಫೋನು ಸ್ಪೀಕರಿನಲ್ಲೇ ಮಾತಾಡುತ್ತದೆ, ಪತ್ರ ಬಂದರೆ ಒಡೆದು ಓದುವವನು ಮಗ, ಜೀಪು ಬಂದರೆ ಇಡೀ ಓಣಿ ಬಾಗಿಲಿಗೆ ಬಂದು ನಿಲ್ಲುತ್ತದೆ.

ನಾನು ನಾಗರತ್ನಾ. ಬೈಲಹೊಂಗಲದ ಒಂದು ದತ್ತು ಸಂಸ್ಥೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಸಮಾಜ ಕಾರ್ಯಕರ್ತೆ. ದತ್ತು ಹೋದ ಮಕ್ಕಳು ದೊಡ್ಡವರಾದ ಮೇಲೆ ತಮ್ಮನ್ನು ಹೆತ್ತವರು ಯಾರು ಎಂದು ನಮ್ಮನ್ನು ಕೇಳಬಹುದು. ಕೇಳಿದರೆ ಹಳೆಯ ಕಡತ ತೆಗೆದು, ಹೆತ್ತವಳನ್ನು ಹುಡುಕಿ, ಅವಳು ಒಪ್ಪಿದರೆ ಮಾತ್ರ ಭೇಟಿ ಮಾಡಿಸಬೇಕು. ಹುಡುಕಿ ಕೇಳುವುದು ನನ್ನ ಪಾಲಿನ ಕೆಲಸ. ಅಷ್ಟರಲ್ಲಿ ಅವಳು ಯಾರದೋ ಹೆಂಡತಿ, ಯಾರದೋ ಸೊಸೆ, ಎರಡು ಮೂರು ಮಕ್ಕಳ ತಾಯಿ ಆಗಿರುತ್ತಾಳೆ. ಮದುವೆಗೆ ಮೊದಲು ಒಂದು ಕೂಸು ಹೆತ್ತು ಕೊಟ್ಟಿದ್ದು ಆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾದ ದಿನ ಅವಳ ಸಂಸಾರ ಮುಗಿಯಿತು.

ಅದಕ್ಕೇ ನಾನು ಖಣ ಮಾರುತ್ತೇನೆ. ಚೀಲದ ತುಂಬ ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ, ಹೊತ್ತುಕೊಂಡು ಬಸ್ಸಿನಲ್ಲಿ ಹೋಗಿ, ಓಣಿ ಓಣಿ ತಿರುಗಿ, ಬೇಕಾದ ಮನೆಯ ಕಟ್ಟೆಯ ಮೇಲೆ ಕೂತು ಬಿಡಿಸುತ್ತೇನೆ. ಖಣ ಮಾರುವವಳನ್ನು ಯಾರೂ ಯಾಕೆ ಬಂದಿ ಎಂದು ಕೇಳುವುದಿಲ್ಲ. ಮೊದಲನೇ ಸಲ ಬರೀ ವ್ಯಾಪಾರ. ಎರಡನೇ ಸಲ, ಒಂದು ಖಣದ ಮಡಿಕೆಯೊಳಗೆ ಚೀಟಿ ಇಟ್ಟು, ಗುಂಡುಪಿನ್ನು ಚುಚ್ಚಿ, ಅವಳ ಕೈಗೇ ಕೊಟ್ಟು, "ಇದರ ಮಡಿಕಿ ನೀವ ಬಿಚ್ಚರಿ, ಅಂಚು ಸೂಕ್ಷ್ಮ ಐತಿ" ಅನ್ನುತ್ತೇನೆ. ಸವದತ್ತಿ ಕಡೆಯ ನಾಲ್ಕು ಹಳ್ಳಿಗಳಲ್ಲಿ ನನಗೆ ಇನ್ನೊಂದು ನೌಕರಿ ಇದೆ ಎಂದು ಹೇಳಿದರೆ ನಂಬುವವರಿಲ್ಲ. ನನ್ನ ಗಂಡನಿಗೂ ಒಮ್ಮೊಮ್ಮೆ ಅನುಮಾನ ಬರುತ್ತದೆ.

ಚೀಟಿಯಲ್ಲಿ ಹೆಸರು ಇರುವುದಿಲ್ಲ, ಅವಳದೂ ಇಲ್ಲ, ಮಗುವಿನದೂ ಇಲ್ಲ. ಬೇರೆಯವರ ಕೈಗೆ ಸಿಕ್ಕರೂ ಯಾರ ಸುದ್ದಿ ಎಂದು ತಿಳಿಯಬಾರದು. ಇದು ನಾನೇ ಮಾಡಿಕೊಂಡ ಪದ್ಧತಿ, ನನಗೆ ಇದರ ಮೇಲೆ ಸ್ವಲ್ಪ ಸೊಕ್ಕೂ ಇತ್ತು.

ಈ ವರ್ಷ ಗದಗಿನಿಂದ ಮೀನಾ ಎನ್ನುವ ಹುಡುಗಿಯ ಅರ್ಜಿ ಬಂತು. ವಯಸ್ಸು ಇಪ್ಪತ್ತಾರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಆರು ತಿಂಗಳ ಬಸುರಿ. ಡಾಕ್ಟರು, ನಿಮ್ಮ ತಾಯಿಗೆ ಶುಗರ್ ಇದೆಯೇನಮ್ಮಾ ಎಂದು ಕೇಳಿದರಂತೆ. 'ಇದೆ ಎಂದು ಬರೆಸಿದೆ. ಹೊರಗೆ ಬಂದ ಮೇಲೆ ನೆನಪಾಯಿತು, ಸಾಕಿದ ಅವ್ವನ ಶುಗರ್ ನನಗೆ ಬರುವಂಥದ್ದಲ್ಲ. ವಾಪಸ್ ಹೋಗಿ ಹೊಡೆದು ಹಾಕಿಸಿದೆ. ಈಗ ಅಲ್ಲಿ ಏನೂ ಬರೆದಿಲ್ಲ. ನನ್ನನ್ನು ಹೆತ್ತವರನ್ನು ಹೆರಿಗೆಗೆ ಮೊದಲು ಒಂದು ಸಲ ನೋಡಬೇಕು. ಅವರು ಬೇಡ ಅಂದರೆ ಬೇಡ, ಆದರೆ ಬೇಡ ಎನ್ನುವುದನ್ನಾದರೂ ಅವರೇ ಹೇಳಲಿ' ಎಂದು ಬರೆದಿದ್ದಳು.

ಕಡತ ತೆಗೆದೆ. ಹೆತ್ತವಳು ಮಾಲಾ. ಆಗ ಹತ್ತೊಂಬತ್ತು, ಮದುವೆ ಆಗಿರಲಿಲ್ಲ. ಮಾಘ ಮಾಸದಲ್ಲಿ ಅವಳ ಅಪ್ಪ ಕರೆದುಕೊಂಡು ಬಂದಿದ್ದ. ಕೂಸನ್ನು ಇಸಿದುಕೊಂಡವಳು ನಾನೇ. ಅಪ್ಪ ಸಹಿ ಮಾಡುವಾಗ ಮಗಳು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಈಗ ದೊಡವಾಡದಲ್ಲಿ ಬಾಳು ಎನ್ನುವ ರೈತನ ಹೆಂಡತಿ, ಇಬ್ಬರು ಗಂಡುಮಕ್ಕಳು, ನಾಲ್ಕು ಎಮ್ಮೆ, ಒಬ್ಬಳು ಅತ್ತೆ. ಅತ್ತೆಯ ಹೆಸರು ಬಾಯವ್ವ. ಮನೆಯಲ್ಲಿ ಬಾಯವ್ವನೇ ಮುಖ್ಯ, ಆಮೇಲೆ ಎಮ್ಮೆಗಳು, ಮಿಕ್ಕವರೆಲ್ಲ ಅವುಗಳ ನಂತರ.

ಮೊದಲ ಭೇಟಿ ಸರಿಯಾಯಿತು. ಎರಡನೇ ಭೇಟಿಯಲ್ಲಿ ಹಸಿರು ಮೈಯ, ಕೆಂಪು ಅಂಚಿನ ಖಣದಲ್ಲಿ ಚೀಟಿ ಇಟ್ಟು ಒಯ್ದೆ. ಚೀಟಿಯಲ್ಲಿ ಹೀಗೆ ಬರೆದಿದ್ದೆ: 'ಇಪ್ಪತ್ತಾರು ವರ್ಷದ ಹಿಂದೆ ಮಾಘ ಮಾಸದಲ್ಲಿ ಬೈಲಹೊಂಗಲದಲ್ಲಿ ನೀವು ಕೊಟ್ಟು ಹೋದ ಹೆಣ್ಣುಮಗು ಚೆನ್ನಾಗಿದೆ. ಈಗ ಬಸುರಿ. ನಿಮ್ಮಿಂದ ಏನೂ ಬೇಡುವುದಿಲ್ಲ. ಒಂದು ಸಲ ನೋಡಬೇಕು ಅನ್ನುತ್ತಾಳೆ. ಮನಸ್ಸಿದ್ದರೆ ಈ ನಂಬರಿಗೆ ಫೋನು ಮಾಡಿ. ಇಲ್ಲದಿದ್ದರೆ ಸುಮ್ಮನಿರಿ, ಯಾರೂ ಬಂದು ಕಾಡುವುದಿಲ್ಲ.'

ಬಾಯವ್ವನ ಕಣ್ಣಲ್ಲಿ ಪೊರೆ ಬಂದಿದೆ. ಪ್ರತಿಯೊಂದು ಖಣವನ್ನೂ ಮೂಗಿನ ತನಕ ತಂದು ನೋಡಿ, ಬ್ಯಾಡ ಅಂದು ಕೆಳಗಿಡುತ್ತಿದ್ದಳು. ಪಕ್ಕದಲ್ಲಿ ಅವಳ ತಂಗಿಯ ಮಗಳು, ಯರಗಟ್ಟಿಯಿಂದ ಬಂದ ಕಾಡವ್ವ, ಚಹಾ ಕುಡಿಯುತ್ತ ಕೂತಿದ್ದಳು. ನಾನು ಹಸಿರು ಖಣವನ್ನು ಮಾಲಾಳ ಕೈಗೆ ಕೊಟ್ಟು, ಹೇಳಬೇಕಾದ ಮಾತು ಹೇಳಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಮಾಲಾ ಖಣ ತಗೊಂಡು ಒಳಗೆ ಹೋದಳು. ಅಷ್ಟನ್ನು ಕಣ್ಣಾರೆ ಕಂಡು ಬಂದೆ.

ಒಂಬತ್ತು ದಿನ ಫೋನು ಬರಲಿಲ್ಲ.

ನಮ್ಮ ಸಂಯೋಜಕ ಸುಭಾಸ ಸರ್‌ಗೆ ಫಾರ್ಮುಗಳೆಂದರೆ ಪ್ರಾಣ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 'ತಾಯಿ ನಿರಾಕರಿಸಿದ್ದಾರೆ' ಎಂದು ಬರೆದು ಕಡತ ಮುಚ್ಚಬೇಕು ಎನ್ನುವುದು ಅವರು ಮಾಡಿದ ನಿಯಮ. ಸುಮ್ಮನಿರುವುದೇ ನಿರಾಕರಣೆ. ಚೀಟಿಯಲ್ಲಿ ಹಾಗೆ ಬರೆದವಳು ನಾನೇ ಆದ್ದರಿಂದ ನನಗೂ ಬಾಯಿ ಇರಲಿಲ್ಲ. ಹದಿನಾರನೇ ದಿನ ಆ ಮಾತು ಗದಗಿಗೆ ಹೋಗುತ್ತದೆ, ಬಸುರಿ ಹುಡುಗಿ ಅದನ್ನು ಓದುತ್ತಾಳೆ.

ಹತ್ತನೇ ದಿನ ತಡೆಯಲಾಗದೆ ಮತ್ತೆ ದೊಡವಾಡಕ್ಕೆ ಹೋದೆ. ಹೆತ್ತವಳು ಬೇಡ ಅಂದರೂ ಅವಳ ಮುಖದಲ್ಲಿ ಅದು ಕಾಣುತ್ತದೆ. ಕೆಲವರು ನನ್ನನ್ನು ಕಂಡ ಕೂಡಲೇ ಒಳಗೆ ಹೋಗುತ್ತಾರೆ, ಒಬ್ಬಳು ಚೆಂಬು ಎಸೆದಿದ್ದಳು. ಮಾಲಾ ಮಾತ್ರ ನಕ್ಕು ನೀರು ಕೊಟ್ಟಳು. ಚೀಟಿ ಓದಿದವಳ ಮುಖವಲ್ಲ ಅದು.

"ಹಸರ ಖಣ ಹೊಲಸಿದ್ರೇನ್ರಿ?" ಎಂದು ಕೇಳಿದೆ.

ಬಾಯವ್ವನೇ ಉತ್ತರ ಕೊಟ್ಟಳು. "ಎಲ್ಲಿ ಹೊಲಸೂದ ತಗೀ ಯವ್ವಾ. ಅವತ್ತ ನೀ ಹ್ವಾದಿ, ಅದರ ಹಿಂದ ನಮ್ಮ ಕಾಡವ್ವ ಹೊಂಟ್ಲು. ಟ್ರಂಕಿನ ಕೀಲಿ ಸಿಗಲಿಲ್ಲ. ಇದು ಕೈಯಾಗ ಇತ್ತು, ಉಡಿಗೆ ಹಾಕಿ ಕಳಿಸಿದೆ."

ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದು ಖಣ ಉಡಿಗೆ ಹಾಕಿ ಕಳಿಸುತ್ತಾರೆ. ಅಕ್ಕಿ ಅನ್ನವಾಗುತ್ತದೆ, ಕಾಯಿ ಚಟ್ನಿಯಾಗುತ್ತದೆ. ಖಣವನ್ನು ಮಾತ್ರ ಯಾರೂ ಹೊಲಿಸುವುದಿಲ್ಲ. ಅದು ಹೋಗಿ ಟ್ರಂಕಿನಲ್ಲಿ ಕೂಡುತ್ತದೆ, ಮುಂದಿನ ಬೀಗತಿ ಬಂದಾಗ ಎದ್ದು ಅವಳ ಉಡಿಗೆ ಬೀಳುತ್ತದೆ. ಹೀಗೆ ಒಂದೇ ಖಣ ಹತ್ತು ವರ್ಷ, ಇಪ್ಪತ್ತು ಊರು ತಿರುಗುತ್ತದೆ. ಇಪ್ಪತ್ತೆಂಟು ವರ್ಷ ಖಣ ಮಾರಿದವಳಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು. ಹೊಳೆಯಲಿಲ್ಲ, ಅಷ್ಟೇ. ನನ್ನ ಸೊಕ್ಕಿಗೆ ಸರಿಯಾದ ಶಾಸ್ತಿ ಆಯಿತು.

ಬಾಯವ್ವ ನನಗೂ ಉಡಿ ತುಂಬಿದಳು. ಬಸ್ಸಿನಲ್ಲಿ ಕೂತು ಆ ಖಣ ಬಿಚ್ಚಿ ನೋಡಿದೆ. ಬರೀ ಖಣ.

ಮರುದಿನ ಯರಗಟ್ಟಿಯಲ್ಲಿ ಕಾಡವ್ವನ ಮನೆ ಹುಡುಕಿ ಕೂತೆ. ಹಸಿರು ಖಣದ ಅಂಚಿನಲ್ಲಿ ನೂಲು ತಪ್ಪಿದೆ, ಬದಲಿ ಕೊಡುತ್ತೇನೆ ಎಂದು ಸುಳ್ಳು ಹೇಳಿದೆ. ಕಾಡವ್ವನಿಗೆ ಬಹಳ ಸಂತೋಷವಾಯಿತು, ಆದರೆ ಖಣ ಇರಲಿಲ್ಲ. ಎಂ.ಕೆ. ಹುಬ್ಬಳ್ಳಿಯಿಂದ ಅವಳ ಬೀಗತಿ ಬಂದಿದ್ದಳಂತೆ, ಅವಳ ಉಡಿಗೆ ಹೋಗಿತ್ತು. ಅದರ ಮರುದಿನ ಎಂ.ಕೆ. ಹುಬ್ಬಳ್ಳಿ. ಆ ಬೀಗತಿಯ ಗಂಡನಿಗೆ ಕಬ್ಬು ಸಾಗಿಸುವ ಲಾರಿಗಳಿವೆ, ಹಿಂದಿನ ವಾರವಷ್ಟೇ ಹೊಸ ಮನೆಯ ವಾಸ್ತುಶಾಂತಿ ಆಗಿತ್ತು. ಒಂದೇ ದಿನ ನೂರಾ ಹತ್ತು ಹೆಣ್ಣುಮಕ್ಕಳಿಗೆ ಉಡಿ ತುಂಬಿದ್ದಾಳೆ.

"ಹಸರ ಖಣ ಯಾರಿಗೆ ಹಾಕಿದ್ರಿ, ನೆನಪೈತೇನ್ರಿ?"

"ಹಸರ ಖಣ ನಲವತ್ತ ಇದ್ದೂರಿ ಅಕ್ಕಾರ," ಅಂದಳು.

ಆ ಮನೆಯಲ್ಲೂ ಉಡಿ ತುಂಬಿದರು. ಮೂರು ದಿನದಲ್ಲಿ ಮೂರು ಕಾಯಿ, ಮೂರು ಖಣ ಆದವು, ಚೀಟಿ ಮಾತ್ರ ಇಲ್ಲ. ಕಿತ್ತೂರಿನಲ್ಲಿ ಬಸ್ಸು ಬದಲಿಸುವಾಗ ಬೆಂಚಿನ ಮೇಲೆ ಕೂತು ನನಗೆ ನಾನೇ ಬೈದುಕೊಂಡೆ. ಪಕ್ಕದಲ್ಲಿದ್ದ ಗಂಡಸು ಎದ್ದು ಬೇರೆ ಬೆಂಚಿಗೆ ಹೋದ.

ಸುಭಾಸ ಸರ್‌ಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾರ್ಗಸೂಚಿ ತಿರುವಿ ಹಾಕಿದರು. "ಇದರಾಗ ಖಣ ಅನ್ನೂದ ಎಲ್ಲೂ ಇಲ್ಲಲ್ರಿ ಅಕ್ಕಾರ," ಅಂದರು.

"ಇನ್ನೊಂದ ಸಲ ಚೀಟಿ ಬರದು ಒಯ್ಯತೇನ್ರಿ."

"ಎರಡನೇ ಸಲ ಸಂಪರ್ಕ ಮಾಡಾಕ ಅವಕಾಶ ಇಲ್ರಿ. ಅದು ಒತ್ತಾಯ ಆಗತೈತಿ."

"ಮೊದಲನೇದ ಮುಟ್ಟೇ ಇಲ್ಲಲ್ರಿ."

"ಮುಟ್ಟಿಲ್ಲ ಅನ್ನಾಕ ದಾಖಲೆ ಏನೈತ್ರಿ?" ಅಂದರು. ಅವರ ಮೇಲೆ ಸಿಟ್ಟು ಬಂತು, ಮಾತು ಮಾತ್ರ ಸರಿಯಾಗಿತ್ತು.

ಹದಿಮೂರನೇ ದಿನ ನನ್ನ ಫೋನಿಗೆ ಗೊತ್ತಿಲ್ಲದ ನಂಬರು. ಹೆಣ್ಣು ದನಿ, ಮೆಲ್ಲಗಿತ್ತು. "ಖಣದಾಗ ಚೀಟಿ ಸಿಕ್ಕೇತ್ರಿ. ನಾ ಬರತೇನಿ. ಸವದತ್ತಿ ಬಸ್‌ಸ್ಟ್ಯಾಂಡಿಗೆ ನಾಳೆ ಹನ್ನೊಂದಕ್ಕ ಬರ್ರಿ." ಹೆಸರು ಕೇಳುವುದರೊಳಗೆ ಇಟ್ಟುಬಿಟ್ಟಳು.

ಸುಭಾಸ ಸರ್ ಕೈ ಮುಗಿದು, ಆತಲ್ರಿ ಮತ್ತ ಅಂದರು. ಆಗಿರಲಿಲ್ಲ. ಅದು ಮಾಲಾಳ ದನಿಯಲ್ಲ. ಎಲ್ಲೋ ಒಂದು ಊರಿನಲ್ಲಿ, ನಲವತ್ತು ಹಸಿರು ಖಣಗಳಲ್ಲಿ ಒಂದನ್ನು ಬಿಚ್ಚಿದ ಇನ್ಯಾರೋ ಹೆಂಗಸು ಆ ಚೀಟಿ ತನಗೇ ಬಂದಿದೆ ಎಂದುಕೊಂಡಿದ್ದಾಳೆ. ಅಂದುಕೊಳ್ಳಬೇಕಾದರೆ ಅವಳೂ ಒಂದು ಕೂಸು ಕೊಟ್ಟಿರಬೇಕು. ನಾನು ಹೋಗಿ, ಇದು ನಿಮಗಲ್ಲ ಎಂದು ಹೇಳಬೇಕು. ಇಪ್ಪತ್ತೆಂಟು ವರ್ಷದಲ್ಲಿ ಇಂಥ ಕೆಲಸ ನನಗೆ ಬಂದಿರಲಿಲ್ಲ. ಮರುದಿನ ಬಸ್ಸಿನಲ್ಲಿ ಕೂತು ಹೇಗೆ ಹೇಳುವುದು ಎಂದು ಏಳು ಎಂಟು ಥರ ಮನಸ್ಸಿನಲ್ಲೇ ಹೇಳಿ ನೋಡಿದೆ, ಎಲ್ಲವೂ ಕೆಟ್ಟದಾಗಿದ್ದವು.

ಸವದತ್ತಿ ಬಸ್‌ಸ್ಟ್ಯಾಂಡಿನ ಕೊನೆಯ ಬೆಂಚಿನ ಮೇಲೆ ಅವಳು ಕೂತಿದ್ದಳು. ಐವತ್ತರ ಮೇಲಿನ ವಯಸ್ಸು, ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಕೈಚೀಲ. ಚೀಲದಿಂದ ಹಸಿರು ಖಣ ಇಣುಕುತ್ತಿತ್ತು. ಹೆಸರು ಚನ್ನವ್ವ, ರಾಮದುರ್ಗದವಳು. ಗಂಡ ವೀರಪ್ಪನದು ಬಟ್ಟೆಯ ಅಂಗಡಿ. ಹಲ್ಲು ತೋರಿಸಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು.

"ಈ ಖಣ ಕೈಮಗ್ಗದ್ದಲ್ರಿ," ಎಂದಳು ಮೊದಲಿಗೇ. "ಕೈಮಗ್ಗದ್ದಂತ ಹೇಳಿ ಮಾರೀರೇನ?"

"ಹೌದ್ರಿ," ಅಂದೆ.

"ಹಂಗ ಹೇಳಬಾರದ್ರಿ."

ನಾನು "ಅಕ್ಕಾರ, ನಿಮಗೊಂದ ಮಾತ ಹೇಳಬೇಕು," ಎಂದು ಶುರು ಮಾಡಿದೆ.

"ನನಗಲ್ಲ ಅಂತ ಹೇಳಾಕ ಬಂದೀರಿ. ಗೊತ್ತೈತ್ರಿ." ಚೀಟಿ ತೆಗೆದು ತೊಡೆಯ ಮೇಲೆ ಸರಿ ಮಾಡಿದಳು. ಮಡಿಕೆಗಳು ಸವೆದಿದ್ದವು. "ಎಂಟ ಸಲ ಓದೇನಿ. ಮಾಘ ಅಂತ ಬರದೀರಿ, ನಂದು ಶ್ರಾವಣ. ಇಪ್ಪತ್ತಾರ ಅಂತ ಬರದೀರಿ, ನನಗ ಮೂವತ್ತೊಂದ ವರ್ಷ ಆತು. ಬೈಲಹೊಂಗಲ ಅಂತೀರಿ, ನನ್ನ ಎಲ್ಲಿಗೆ ಒಯ್ದಿದ್ದರೋ ನನಗ ಗೊತ್ತಿಲ್ಲ, ನಮ್ಮವ್ವ ಬಸ್ಸಿನಾಗ ಮಾರಿ ಮ್ಯಾಲ ಸೆರಗ ಹಾಕಿ ಕುಂದರಿಸಿದ್ಲು. ಹೆಣ್ಣ ಅಂತ ಬರದೀರಿ." ಆ ಅಕ್ಷರದ ಮೇಲೆ ಬೆರಳಿಟ್ಟಳು. "ನಂದು ಗಂಡು. ಒಂದೂ ಕೂಡಂಗಿಲ್ರಿ."

"ಮತ್ತ ಯಾಕ ಬಂದ್ರಿ ಅಕ್ಕಾರ?"

"ಹಿಂಗ ಕೇಳಕೋತ ಬರೋ ಮಂದಿ ಇರತಾರಂತ ನನಗ ಗೊತ್ತ ಇರಲಿಲ್ಲ. ಹೆಂಗ ಇರತಾರ ನೋಡೂಣಂತ ಬಂದೆ."

ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ, "ನನ್ನ ಹೆಸರ ಬರಕೋರಿ," ಅಂದಳು.

ನಿಯಮ ಹೇಳಿದೆ. ಮಗು ಕೇಳಿದರೆ ಹೆತ್ತವಳನ್ನು ಹುಡುಕಬಹುದು, ಹೆತ್ತವಳು ಮಗುವನ್ನು ಹುಡುಕಲು ಬರುವುದಿಲ್ಲ.

"ನಾ ಹುಡುಕಂತ ಹೇಳಿಲ್ಲಲ್ರಿ. ಅಂವಾ ಎಂದರ ಒಂದ ದಿನ ಕೇಳಿದರ, ನಾ ಸಿಗಬೇಕಲ್ಲ ಮತ್ತ. ಎಲ್ಲೆರ ನನ್ನ ಹೆಸರ ಇರಬೇಕಲ್ರಿ." ಎಡಗಿವಿಯ ಮೇಲಿನ ಕೂದಲು ಸರಿಸಿದಳು. ಕಿವಿಯ ಮುಂದೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಇತ್ತು. "ಅವಗೂ ಐತ್ರಿ ಇದು. ಹುಟ್ಟಿದ ಕೂಡಲೇ ನೋಡೇನಿ. ಇದನ್ನೂ ಬರಕೋರಿ."

ನನಗೆ ಅಳು ಬಂತು. ಬಂದದ್ದನ್ನು ಬಂತು ಎಂದೇ ಹೇಳಬೇಕು. ಚೀಲದಲ್ಲಿ ಸುಭಾಸ ಸರ್ ಕೊಟ್ಟ 'ಪ್ರಥಮ ಸಂಪರ್ಕ ವರದಿ'ಯ ಖಾಲಿ ಫಾರ್ಮು ಇತ್ತು. ಅದರ ಹಿಂಬದಿಗೆ ಅವಳ ಹೆಸರು, ಊರು, ಶ್ರಾವಣ, ಗಂಡು, ಎಡಗಿವಿ ಎಂದು ಬರೆದೆ. ಅವಳು ಓದಿ ನೋಡಿ, ಅಕ್ಷರ ನೆಟ್ಟಗೆ ಬರೀರಿ ಅಂದಳು. ಎರಡನೇ ಸಲ ನೆಟ್ಟಗೆ ಬರೆದೆ.

ತಂದ ರೊಟ್ಟಿ ಬಿಚ್ಚಿ ನನಗೂ ಕೊಟ್ಟಳು. ತಿನ್ನುತ್ತ, ಚೀಟಿ ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಈಗ ಹೇಗೆ ಮುಟ್ಟಿಸುತ್ತೀರಿ ಎಂದು ಕೇಳಿದಳು. ನಾಳೆಗೆ ಹದಿನೈದು ದಿನ ಮುಗಿಯುತ್ತದೆ, ತಾಯಿ ಒಲ್ಲೆ ಅಂದಳು ಎಂದು ಬಸುರಿ ಹುಡುಗಿಗೆ ಪತ್ರ ಹೋಗುತ್ತದೆ ಎಂದೆ. ಚನ್ನವ್ವ ರೊಟ್ಟಿ ಕೆಳಗಿಟ್ಟಳು.

"ಆಕಿ ಒಲ್ಲೆ ಅಂದೇ ಇಲ್ಲಲ್ರಿ."

"ಇಲ್ರಿ."

"ಚೀಟಿ ಮತ್ತ ಖಣದಾಗ ಇಟ್ಟರ ಮತ್ತ ಯಾರದರ ಉಡಿಗೆ ಬೀಳತೈತಿ. ಬಾಯಿಲೆ ಹೇಳಬೇಕ್ರಿ."

"ಅತ್ತಿ ಬಾಜೂಕ ಬಿಟ್ಟು ಕದಲಂಗಿಲ್ರಿ."

"ಅತ್ತಿನ್ನ ನೀವ ಹಿಡೀರಿ, ಸೊಸಿನ್ನ ನಾ ನೋಡಕೋತೇನಿ. ಊರು, ಹೆಸರು ನನಗ ಹೇಳಬ್ಯಾಡ್ರಿ, ಬಸ್ ಹತ್ತಸರಿ ಸಾಕು. ಹಲ್ಲ ಕೀಳೂದು ನಾಳೆ ಅಂತ ಮನ್ಯಾಗ ಹೇಳತೇನಿ."

ಹೊರಗಿನವರಿಗೆ ಹೆತ್ತವಳ ಗುರುತು ಬಿಟ್ಟುಕೊಡುವುದು ತಪ್ಪು. ಎಂಥ ತಪ್ಪು, ಏನು ಶಿಕ್ಷೆ, ಎಲ್ಲ ನನಗೆ ಬಾಯಿಪಾಠ. ಆಗಲಿ ಅಂದೆ.

ಹದಿನೈದನೇ ದಿನ ಮಧ್ಯಾಹ್ನ ಇಬ್ಬರೂ ಬಾಯವ್ವನ ಕಟ್ಟೆಯ ಮೇಲಿದ್ದೆವು. ಚನ್ನವ್ವ ನನ್ನ ದೂರದ ಅಕ್ಕ ಆಗಿದ್ದಳು. ಬಾಯವ್ವ ಅವಳ ತವರು, ಮನೆದೇವರು, ಮಕ್ಕಳು, ಸೊಸೆಯಂದಿರ ತವರು ಎಲ್ಲ ಕೇಳಿ ತೃಪ್ತಳಾದ ಮೇಲೆ, ಬಿಸಿಲಿಗೆ ಕಾಲು ಉರಿಯುತ್ತಿವೆ, ಹಿತ್ತಲಲ್ಲಿ ತೊಳೆದುಕೊಳ್ಳುತ್ತೇನೆ ಅಂದಳು ಚನ್ನವ್ವ. ಮಾಲಾ ನೀರು ಕೊಡಲು ಹಿಂದೆ ಹೋದಳು. ನಾನು ಚೀಲದಲ್ಲಿದ್ದ ಖಣಗಳನ್ನೆಲ್ಲ ಬಾಯವ್ವನ ತೊಡೆಯ ಮೇಲೆ ಸುರುವಿದೆ.

ಬಾಯವ್ವ ಚೌಕಾಶಿ ಶುರು ಮಾಡಿದಳು. ಯಾವಾಗಲೂ ನಾನು ಎರಡು ಮಾತಿಗೆ ಸೋಲುತ್ತೇನೆ. ಅವತ್ತು ಸೋಲಲಿಲ್ಲ. ಅವಳು ಇಳಿಸಿದರೆ ನಾನು ಏರಿಸಿದೆ. ಆ ಮುದುಕಿಯ ಮುಖ ಅರಳಿತು, ಬಹಳ ದಿನದ ಮೇಲೆ ಸರಿಯಾದವರು ಸಿಕ್ಕಿದರು ಅನ್ನುವ ಹಾಗೆ ಕಾಲು ಚಾಚಿ ಕೂತಳು. ಹಿತ್ತಲಲ್ಲಿ ಕೊಡಕ್ಕೆ ನೀರು ಬೀಳುವ ಸಪ್ಪಳ. ತುಂಬಿತು. ತುಂಬಿ ಚೆಲ್ಲತೊಡಗಿತು. ಚೆಲ್ಲುತ್ತಲೇ ಇತ್ತು.

"ಮಾಲಾ, ನೀರ ಚೆಲ್ಲಾಕತ್ತಾವ ನೋಡ," ಎಂದು ಬಾಯವ್ವ ಕೂಗಿದಳು.

ನಾನು ಕೂಡಲೇ "ಈ ಕೆಂಪಂದ ನೋಡ್ರಿ ಅವ್ವಾರ," ಎಂದು ಇನ್ನೊಂದು ಖಣವನ್ನು ಅವಳ ಮೂಗಿಗೇ ಹಿಡಿದೆ.

ನೀರಿನ ಸಪ್ಪಳ ನಿಂತಿತು. ಇಬ್ಬರೂ ಬಂದರು. ಮಾಲಾಳ ಸೀರೆ ಮೊಳಕಾಲಿನವರೆಗೆ ತೊಯ್ದಿತ್ತು. ಅತ್ತೆ ಕೇಳುವುದರೊಳಗೆ, ಕೊಡ ಜಾರಿತು ಅಂದಳು. ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಅರಿಷಿಣ ಕುಂಕುಮ, ಅಕ್ಕಿ, ಕಾಯಿ ತಂದು ಮೊದಲು ನನಗೆ ಉಡಿ ತುಂಬಿದಳು, ಆಮೇಲೆ ಚನ್ನವ್ವನಿಗೆ. ಚನ್ನವ್ವನ ಉಡಿಗೆ ಹಾಕಿದ ಖಣ ಹಸಿರಿತ್ತು, ಕೆಂಪು ಅಂಚಿನದು.

ಬಾಯವ್ವ ಕತ್ತು ಚಾಚಿದಳು. "ಇದು ಮೊನ್ನಿ ಕಾಡವ್ವನ ಉಡಿಗೆ ಹಾಕಿದ್ದಲ್ಲೇನ?"

"ಅಂಥಾದ ಇನ್ನೊಂದ್ರಿ ಅತ್ತಿ," ಅಂದಳು ಮಾಲಾ. ಇಪ್ಪತ್ತಾರು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ಇದೇನು ದೊಡ್ಡದಲ್ಲ.

ಬಸ್ಸು ಊರು ದಾಟಿದ ಮೇಲೆ ಚನ್ನವ್ವ ಹಿತ್ತಲಿನ ಮಾತು ತೆಗೆದಳು. ಮೊದಲು ಮಾಲಾ, ನೀವು ಯಾರೋ, ನೀವು ಹೇಳುವುದು ನನಗೆ ತಿಳಿಯುವುದಿಲ್ಲ ಅಂದಳಂತೆ. ಚನ್ನವ್ವ, "ನಾನೂ ಒಂದ ಕೊಟ್ಟೇನಿ" ಅಂದಳಂತೆ. ಆಗ ಮಾಲಾ ಕೊಡದ ಮುಂದೆ ಕೂತುಬಿಟ್ಟಳಂತೆ.

"ಏನ ಅಂದ್ಲು?"

"ಎಷ್ಟರಾಗ ಅದಾಳ ಅಂತ ಕೇಳಿದ್ಲು. ಏಳಕ್ಕ ಬಿದ್ದೈತಿ ಅಂದೆ. ಕುಬಸದ ತಿಂಗಳಾತಲ್ಲ ಅಂದ್ಲು. ನನ್ನ ಚೀಲದಾಗಿಂದ ಖಣ ಇಸಗೊಂಡ್ಲು, ಚೀಟಿ ತಗದು ಒಲಿಗೆ ಹಾಕಿದ್ಲು. ಖಣ ಹೊಳ್ಳಿ ನನ್ನ ಉಡಿಗೆ ಹಾಕ್ಯಾಳ. ಆಕಿಗೆ ಕೊಡ್ರಿ, ಹೊಲಸಾಕ ಹೇಳ್ರಿ ಅಂದ್ಲು. ಟ್ರಂಕಿನಾಗ ಇಡಬ್ಯಾಡಂತ."

ಏಳನೇ ತಿಂಗಳಿಗೆ ತವರಿನವರು ಹಸಿರು ಸೀರೆ, ಖಣ ಕೊಟ್ಟು ಮಗಳಿಗೆ ಕುಬಸ ಮಾಡುತ್ತಾರೆ. ಗದಗಿನಲ್ಲಿ ಮೀನಾಳನ್ನು ಸಾಕಿದ ಅವ್ವ ಅದಕ್ಕೆ ಆಗಲೇ ಸೀರೆ ತಂದಿಟ್ಟಿರುತ್ತಾಳೆ. ಆ ಮಾತು ನಾನು ಎತ್ತಲಿಲ್ಲ. ಎರಡು ಕುಬಸ ತೊಟ್ಟರೆ ಯಾರಿಗೂ ಏನೂ ಆಗುವುದಿಲ್ಲ.

"ಭೆಟ್ಟಿ ಆಗತಾಳಂತೇನ?"

"ಬರೂ ಗುರುವಾರ ಅತ್ತಿನ್ನ ಕರಕೊಂಡು ಬೈಲಹೊಂಗಲಕ್ಕ ಕಣ್ಣಿನ ದವಾಖಾನಿಗೆ ಬರತಾಳಂತ. ಕಣ್ಣಾಗ ಔಷಧ ಬಿಟ್ಟ ಮ್ಯಾಲ ಮುದುಕಿಗೆ ಎರಡ ತಾಸ ಏನೂ ಕಾಣಂಗಿಲ್ಲಂತ. ಹುಡುಗಿ ಬಾಜೂಕ ಬಂದು ಕುಂದರಲಿ ಅಂದಾಳ." ಚನ್ನವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವ ಹೇಳಿದಂಗ ಕೇಳಿದೆ, ಆಕಿಗೆ ಶುಗರ್ ಇಲ್ಲಂತ್ರಿ. ಅವರವ್ವಗೂ ಇರಲಿಲ್ಲಂತ. ಬಿ.ಪಿ. ಐತಂತ, ಆದರ ಅದು ಈ ಮನಿಗೆ ಬಂದ ಮ್ಯಾಲ ಬಂದದ್ದು, ಹುಡುಗಿಗೇನ ಬರಂಗಿಲ್ಲ ಅಂತ ಹೇಳಾಕ ಹೇಳ್ಯಾಳ."

ಗುರುವಾರದ ದಿನ ನಾನು ದವಾಖಾನೆಯ ಆಚೆ ಕಡೆಯ ಬೆಂಚಿನಲ್ಲಿ ಕೂತಿದ್ದೆ. ಬಾಯವ್ವ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಮಾಲಾ ನಡುವೆ, ಆಚೆ ಮೀನಾ. ಹಸಿರು ಕುಬಸ ತೊಟ್ಟು ಬಂದಿದ್ದಳು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಕೇಳುವುದು ನನ್ನ ಕೆಲಸವೂ ಅಲ್ಲ. ಮಾಲಾ ಒಂದು ಸಲ ಆ ಕುಬಸದ ತೋಳಿನ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು, ಹಿಡಿದವಳು ಬಿಡಲಿಲ್ಲ. ಬಾಯವ್ವ ಕಣ್ಣು ಮುಚ್ಚಿಕೊಂಡೇ, ಬಾಜೂಕ ಯಾರ ಕುಂತಾರ ಎಂದು ಕೇಳಿದಳು. "ಬಸರಿ ಹೆಣ್ಣಮಗಳ್ರಿ ಅತ್ತಿ," ಅಂದಳು ಮಾಲಾ. ಬಾಯವ್ವ ಕೈಚೀಲ ತಡವಿ, ಅಲ್ಲಿದ್ದ ಬಾಳೆಹಣ್ಣು ತೆಗೆದು, ಕೊಡು ಆಕಿಗೆ ಅಂದಳು.

ಸಾಯಂಕಾಲ ಕಚೇರಿಯಲ್ಲಿ ವರದಿ ತುಂಬಿದೆ. 'ತಾಯಿಯ ಭಾವನಾತ್ಮಕ ಸ್ಥಿತಿ: ಶಾಂತ, ಉದ್ವಿಗ್ನ, ಇತರೆ' ಎಂದಿದ್ದಲ್ಲಿ ಯಾವಾಗಲೂ ಮಾಡುವಂತೆ ಇತರೆ ಎನ್ನುವುದಕ್ಕೆ ಗುರುತು ಹಾಕಿದೆ. 'ಸಂಪರ್ಕಿಸಿದವರ ಹೆಸರು' ಎಂದಿತ್ತು. ಚನ್ನವ್ವ ಎಂದು ನೆಟ್ಟಗೆ ಬರೆದೆ. ಅದರ ಮುಂದೆ 'ಹುದ್ದೆ' ಎಂದಿತ್ತು. ತಾಯಿ ಎಂದು ಬರೆದೆ. ಹಿಂಬದಿಯಲ್ಲಿ ಶ್ರಾವಣ, ಗಂಡು, ಎಡಗಿವಿ ಇದ್ದ ಆ ಫಾರ್ಮನ್ನೂ ಇದಕ್ಕೇ ಪಿನ್ನು ಚುಚ್ಚಿ ಸೇರಿಸಿದೆ.

ಸುಭಾಸ ಸರ್ ಎರಡನ್ನೂ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ಮತ್ತೆ ಓದಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

"ಇವರು ಯಾರ ತಾಯಿರಿ ಅಕ್ಕಾರ?" ಎಂದು ಕೇಳಿದರು.

"ಇನ್ನೂ ಯಾರೂ ಕೇಳಿಲ್ರಿ ಸರ್," ಅಂದೆ.

ಅವರು ಕಚೇರಿಯ ಶಿಕ್ಕಾ ಒತ್ತಿ, ಚನ್ನವ್ವನ ಹಾಳೆಗೆ ಒಂದು ಹೊಸ ಕಡತದ ನಂಬರು ಕೊಟ್ಟರು.